ಅದೇ ಮಿದುಳು, ಬೇರೆ ಬೇರೆ ಸ್ಥಿತಿ: ಕ್ಯಾಲ್ಸಿಯಂ ಏನು ಹೇಳುತ್ತೆ?

(ನಾಗ್ಪುರದ ಕನ್ನಡ ಗೆಳೆಯರ ಭಾನುವಾರದ ಮಾತುಕತೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದೆ. ಸ್ಲೈಡ್‌ನಲ್ಲಿದ್ದ ವಿವರಗಳನ್ನು ಮಾತಿನೊಳಗೇ ಸೇರಿಸಿದೆ.)

ಭಾನುವಾರ ಬೆಳಿಗ್ಗೆ ತರ್ರಿ ಪೋಹಾ ತಿಂದು ಇನ್ನೊಂದು ರೌಂಡ್ ಮಲಗೋ ಹೊತ್ತಲ್ಲಿ ಇಲ್ಲಿ ಬಂದು ಕೂತಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್.

ನನ್ನ ಪರಿಚಯ ಚಿಕ್ಕದಾಗಿ ಹೇಳಿಬಿಡ್ತೀನಿ. ಊರು ದಾವಣಗೆರೆ ಕಡೆ, ಓದಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್, ಕೆಲಸ ಇಲ್ಲೇ ಮಿಹಾನ್‌ನಲ್ಲಿ. ನಾನು ಜೀವಶಾಸ್ತ್ರದವನಲ್ಲ. ಆದ್ರೆ ಅಮೆರಿಕದ ಸಿಯಾಟಲ್‌ನಲ್ಲಿರುವ ಆಲೆನ್ ಇನ್‌ಸ್ಟಿಟ್ಯೂಟ್‌ನವರು 2016ರಲ್ಲಿ ಇಲಿಯ ಮಿದುಳಿನ ದೊಡ್ಡ ಡೇಟಾ ಒಂದನ್ನು ಯಾರು ಬೇಕಾದ್ರೂ ಇಳಿಸಿಕೊಳ್ಳುವ ಹಾಗೆ ತೆರೆದಿಟ್ಟರು. ಪೈಥಾನ್ ಬಂದ್ರೆ ಸಾಕು, ನೋಡಬಹುದು. ನಾನು ಅದನ್ನು ಹವ್ಯಾಸಕ್ಕೆ ಅಂತ ಇಳಿಸಿಕೊಂಡು ನೋಡೋಕೆ ಶುರು ಮಾಡಿದೆ. ಇವತ್ತಿನ ಮಾತು ಹುಟ್ಟಿದ್ದು ಅಲ್ಲಿಂದ.

ಪ್ರಶ್ನೆ ಸರಳ. ನೀವು ಮಲಗಿರುವಾಗ, ಮೀಟಿಂಗ್‌ನಲ್ಲಿ ಸುಮ್ಮನೆ ಕೂತಿರುವಾಗ, ಸಂಜೆ ಫುಟಾಳಾ ಕೆರೆ ಪಕ್ಕ ನಡೆಯುವಾಗ, ನಿಮ್ಮ ತಲೆಯೊಳಗಿನ ಕೋಶಗಳು ಅವೇ, ವೈರಿಂಗ್ ಕೂಡ ಅದೇ. ಹಾಗಾದ್ರೆ ಬದಲಾಗೋದು ಏನು?

ನಮ್ಮ ಐಟಿಯವರ ಬಾಯಿಗೆ ಮೊದಲು ಬರುವ ಉತ್ತರ ನನಗೆ ಗೊತ್ತು. ಇನ್‌ಪುಟ್ ಬದಲಾಗುತ್ತೆ, ಅದಕ್ಕೇ ಔಟ್‌ಪುಟ್ ಬದಲಾಗುತ್ತೆ. ನಿದ್ದೆಯಲ್ಲಿ ಇನ್‌ಪುಟ್ ಇಲ್ಲ, ಹಾಗಾಗಿ ಸಿಸ್ಟಮ್ ಐಡಲ್. ಈ ಉತ್ತರ ಸಾಲದು ಅಂತ ಇವತ್ತು ತೋರಿಸ್ತೀನಿ. ಇನ್‌ಪುಟ್ ಅದೇ ಇದ್ದರೂ, ಪ್ರಾಣಿ ಯಾವ ಸ್ಥಿತಿಯಲ್ಲಿದೆ ಅನ್ನೋದರ ಮೇಲೆ ಕೋಶ ಕೊಡುವ ಉತ್ತರ ಬೇರೆಯಾಗುತ್ತೆ. ಆ ಸ್ಥಿತಿ ಕೋಶದ ಒಳಕ್ಕೆ ಬರುವ ಒಂದು ಮುಖ್ಯ ದಾರಿ ಕ್ಯಾಲ್ಸಿಯಂ.

ಸುಣ್ಣ ಹೇಗೆ ಸುದ್ದಿಯಾಯಿತು

ಕ್ಯಾಲ್ಸಿಯಂ ಅಂದ್ರೆ ನಮಗೆ ಪರಿಚಯದ ವಸ್ತು. ಎಲೆ ಅಡಿಕೆಗೆ ಹಚ್ಚುವ ಸುಣ್ಣ, ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪೊರೆ, ಹಾಲು, ರಾಗಿ, ಮೂಳೆ. ದೊಡ್ಡವರ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತೆ, ಅದರಲ್ಲಿ 99 ಪರ್ಸೆಂಟ್ ಮೂಳೆ ಮತ್ತು ಹಲ್ಲಿನಲ್ಲೇ ಇದೆ. ನಾನೀಗ ಹೇಳೋದು ಉಳಿದ ಆ ಚೂರಿನ ಕಥೆ.

1883ರಲ್ಲಿ ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಅನ್ನೋ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಅದರ ಬಡಿತವನ್ನು ನೋಡ್ತಾ ಇದ್ದರು. ಹೃದಯ ಚೆನ್ನಾಗೇ ಬಡೀತಿತ್ತು. ಆಮೇಲೆ ಗೊತ್ತಾಯ್ತು, ಆ ಉಪ್ಪುನೀರನ್ನು ಮಾಡಿದ್ದು ಭಟ್ಟಿ ಇಳಿಸಿದ ಶುದ್ಧ ನೀರಿನಿಂದ ಅಲ್ಲ, ಲಂಡನ್ನಿನ ನಲ್ಲಿ ನೀರಿನಿಂದ ಅಂತ. ಶುದ್ಧ ನೀರಲ್ಲಿ ಮಾಡಿದಾಗ ಬಡಿತ ಕ್ಷೀಣಿಸಿ ನಿಂತೇ ಹೋಯ್ತು. ಸ್ವಲ್ಪ ಕ್ಯಾಲ್ಸಿಯಂ ಸೇರಿಸಿದರು, ಮತ್ತೆ ಬಡೀತು. ಕೋಶ ಕೆಲಸ ಮಾಡೋದಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು ಅನ್ನೋದು ಹೀಗೆ, ಗಡಸು ನೀರಿನ ದಯೆಯಿಂದ ಹೊರಬಂತು.

ತಮಾಷೆ ಏನಂದ್ರೆ, ಅಷ್ಟು ಬೇಕಾದ ಕ್ಯಾಲ್ಸಿಯಂನ್ನು ಕೋಶ ತನ್ನ ಒಳಗೆ ಇಟ್ಟುಕೊಳ್ಳೋದೇ ಇಲ್ಲ. ಕೋಶದ ಹೊರಗೆ ಇರುವ ಕ್ಯಾಲ್ಸಿಯಂ ಪ್ರಮಾಣಕ್ಕೆ ಹೋಲಿಸಿದರೆ, ಒಳಗಿನ ದ್ರವದಲ್ಲಿ ಇರೋದು ಅದರ 10,000ದಲ್ಲಿ ಒಂದು ಭಾಗ. ಯಾಕಂದ್ರೆ ಕೋಶದ ಶಕ್ತಿ ವ್ಯವಹಾರ ಪೂರ್ತಿ ನಡೆಯೋದು ಫಾಸ್ಫೇಟ್ ಮೇಲೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಜಾಸ್ತಿ ಪ್ರಮಾಣದಲ್ಲಿ ಸೇರಿದರೆ ಗಟ್ಟಿಯಾಗಿ ಕೂರುತ್ತವೆ, ಮೂಳೆಯಲ್ಲಿ ಆಗೋದು ಅದೇ. ಕೋಶದೊಳಗೆ ಹಾಗಾದ್ರೆ ಕೆಲಸ ಕೆಟ್ಟಿತು. ಅದಕ್ಕೇ ಪಂಪುಗಳು ಹಗಲೂ ರಾತ್ರಿ ಕ್ಯಾಲ್ಸಿಯಂನ್ನು ಹೊರಗೆ ಎತ್ತಿ ಹಾಕ್ತಾ ಇರುತ್ತವೆ.

ಈ ಶುಚಿತ್ವದಿಂದ ಒಂದು ಲಾಭ ಆಯ್ತು. ಗದ್ದಲವೇ ಇಲ್ಲದ ಮನೆಯಲ್ಲಿ ಒಂದು ಚಮಚ ಬಿದ್ದರೂ ಕೇಳುತ್ತೆ. ಒಳಗೆ ಕ್ಯಾಲ್ಸಿಯಂ ಅಷ್ಟು ಕಡಿಮೆ ಇರೋದರಿಂದ, ಬಾಗಿಲು ಚೂರೇ ತೆರೆದು ಸ್ವಲ್ಪ ಒಳಗೆ ಬಿಟ್ಟರೂ ಕೋಶಕ್ಕೆ ಅದು ಸ್ಪಷ್ಟವಾದ ಸುದ್ದಿ. ನರಕೋಶದ ತುದಿಯಲ್ಲಿ ಪಕ್ಕದ ಕೋಶಕ್ಕೆ ರಾಸಾಯನಿಕ ಬಿಡುಗಡೆಯಾಗೋದು ಈ ಸುದ್ದಿ ಬಂದಾಗ. ಯಾವ ಜೀನ್ ಆನ್ ಆಗಬೇಕು, ಯಾವ ಜೋಡಣೆ ಗಟ್ಟಿಯಾಗಬೇಕು ಅನ್ನೋದರಲ್ಲೂ ಇದರ ಕೈ ಇದೆ.

ಇದನ್ನು ನಾನು ಫೋನಲ್ಲಿ ಹೇಳ್ತಾ ಇದ್ದಾಗ ನಮ್ಮಮ್ಮ ಕೇಳಿದ್ರು, "ಹಾಗಾದ್ರೆ ಡಾಕ್ಟರು ಕೊಟ್ಟಿರೋ ಕ್ಯಾಲ್ಸಿಯಂ ಮಾತ್ರೆ ಮಂಡಿಗೋ, ತಲೆಗೋ?" ಅಂತ. ಮೂಳೆಗೇ ಅಮ್ಮ. ರಕ್ತದಲ್ಲಿರುವ ಕ್ಯಾಲ್ಸಿಯಂ ಮಟ್ಟವನ್ನು ದೇಹ ತುಂಬಾ ಬಿಗಿಯಾಗಿ ಕಾಯುತ್ತೆ. ಮಾತ್ರೆ ನುಂಗಿದ್ರೆ ನರಕೋಶದ ಸಂಕೇತ ಜೋರಾಗಲ್ಲ. ಸಂಕೇತ ಇರೋದು ಬಾಗಿಲು ಯಾವಾಗ, ಎಲ್ಲಿ, ಎಷ್ಟು ಹೊತ್ತು ತೆರೆಯಿತು ಅನ್ನೋದರಲ್ಲಿ.

ಬೀದಿ ನಲ್ಲಿ, ಟ್ಯಾಂಕು, ಫ್ಲೋಟ್

ಕ್ಯಾಲ್ಸಿಯಂ ಬರುವ ದಾರಿ ಎರಡು. ಬೆಂಗಳೂರಲ್ಲಿ ಬಾಡಿಗೆ ಮನೆ ಮಾಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಒಂದು, ಬೀದಿಯ ಪೈಪಿನಿಂದ ನೇರ ಬರೋ ನೀರು. ಅಂದ್ರೆ ಕೋಶದ ಹೊರಗಿಂದ, ಹೊರಪೊರೆಯ ಬಾಗಿಲುಗಳ ಮೂಲಕ. ಎರಡು, ಮನೆಯದೇ ಟ್ಯಾಂಕಿನಿಂದ ಬರೋ ನೀರು. ಕೋಶದೊಳಗೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅಂತ ಒಂದು ಜಾಲ ಇದೆ, ಅದರಲ್ಲಿ ಕ್ಯಾಲ್ಸಿಯಂ ಶೇಖರಣೆ ಆಗಿರುತ್ತೆ. ಅದನ್ನ ಟ್ಯಾಂಕ್ ಅಂತಾನೇ ಕರೆಯೋಣ.

ಟ್ಯಾಂಕಿನ ನಲ್ಲಿಗೆ ಐಪಿ3 ರಿಸೆಪ್ಟರ್ ಅಂತ ಹೆಸರು. ಹೊರಗಡೆ ಡೋಪಮೈನ್, ನಾರ್‌ಅಡ್ರಿನಲಿನ್, ಅಸಿಟೈಲ್‌ಕೋಲಿನ್ ಥರದ ರಾಸಾಯನಿಕ ಬಂದು ಕೋಶದ ಬೆಲ್ ಒತ್ತಿದಾಗ, ಕೆಲವು ಬೆಲ್‌ಗಳ ತಂತಿ ಐಪಿ3 ಅನ್ನೋ ಸಣ್ಣ ಅಣುವನ್ನು ತಯಾರು ಮಾಡುವ ದಾರಿಗೆ ಜೋಡಿಸಿರುತ್ತೆ. ಆ ಅಣು ಹೋಗಿ ನಲ್ಲಿ ತಿರುಗಿಸುತ್ತೆ, ಟ್ಯಾಂಕಿನಿಂದ ಕ್ಯಾಲ್ಸಿಯಂ ಹರಿಯುತ್ತೆ. ಈ ಸಂಬಂಧ ಮೊದಲು ಪ್ರಯೋಗದಲ್ಲಿ ಕಂಡಿದ್ದು 1983ರಲ್ಲಿ, ರಿಂಗರ್‌ನ ಕಪ್ಪೆಗೆ ಸರಿಯಾಗಿ ನೂರು ವರ್ಷ ಆದ ಮೇಲೆ.

ಟ್ಯಾಂಕು ಖಾಲಿಯಾಗ್ತಾ ಬಂದ್ರೆ? ನಮ್ಮ ಮನೆಯಲ್ಲಿ ಫ್ಲೋಟ್ ಬಾಲ್ ಕೆಳಗಿಳಿದಾಗ ವಾಲ್ವ್ ತೆರೆಯುತ್ತಲ್ಲ, ಹಾಗೇ. ಟ್ಯಾಂಕಿನ ಮಟ್ಟ ನೋಡುವ ಪ್ರೋಟೀನ್ ಹೆಸರು ಸ್ಟಿಮ್. ಮಟ್ಟ ಇಳಿದದ್ದು ಗೊತ್ತಾದ ಕೂಡಲೇ ಅದು ಹೊರಪೊರೆಯ ಒರಾಯ್ ಅನ್ನೋ ಬಾಗಿಲನ್ನು ತೆರೆಸುತ್ತೆ. ಒರಾಯ್ ಅನ್ನೋ ಹೆಸರು ಗ್ರೀಕ್ ಪುರಾಣದ್ದು, ಸ್ವರ್ಗದ ಬಾಗಿಲು ಕಾಯುವವರು ಅಂತ. ನಮ್ಮ ಜಯ ವಿಜಯರು ಅಂತ ಇಟ್ಟುಕೊಳ್ಳಿ.

ಐಪಿ3 ನಲ್ಲಿ, ಸ್ಟಿಮ್ ಫ್ಲೋಟ್, ಒರಾಯ್ ಬಾಗಿಲು. ಈ ಮೂರು ನೆನಪಿರಲಿ, ಮುಂದಿನ ಕಥೆಗೆ ಬೇಕು.

ಬಳ್ಳಾರಿ ರಸ್ತೆಯ ನೊಣಗಳು

ಬೆಂಗಳೂರಿನ ಹೆಬ್ಬಾಳದಿಂದ ಏರ್‌ಪೋರ್ಟ್‌ಗೆ ಹೋಗುವಾಗ ಬಳ್ಳಾರಿ ರಸ್ತೆಯಲ್ಲಿ ಜಿಕೆವಿಕೆ ಕ್ಯಾಂಪಸ್ ಸಿಗುತ್ತೆ. ಊರಿಂದ ನಾಗ್ಪುರಕ್ಕೆ ವಿಮಾನ ಹಿಡಿಯೋಕೆ ಹೋಗುವಾಗ ನಿಮ್ಮಲ್ಲಿ ಎಷ್ಟೋ ಜನ ಅದರ ಮುಂದೆ ಟ್ರಾಫಿಕ್‌ನಲ್ಲಿ ನಿಂತಿರ್ತೀರಿ. ಆ ಕ್ಯಾಂಪಸ್‌ನೊಳಗೆ ಎನ್‌ಸಿಬಿಎಸ್ ಇದೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭಾಗ. ನಾನು ಹೇಳಿದ ಆ ಟ್ಯಾಂಕಿನ ನಲ್ಲಿಗೂ ಪ್ರಾಣಿಯ ನಡವಳಿಕೆಗೂ ಏನು ಸಂಬಂಧ ಅಂತ ಅಲ್ಲಿ ದಶಕಗಳ ಕಾಲ ಹುಡುಕಿದವರು ಗೈತಿ ಹಸನ್.

ಅವರು ಆರಿಸಿಕೊಂಡ ಪ್ರಾಣಿ ಹಣ್ಣಿನ ನೊಣ. ನಮ್ಮ ನಾಗ್ಪುರದ ಕಿತ್ತಳೆ ಬುಟ್ಟಿಯಲ್ಲಿ ಒಂದು ಹಣ್ಣು ಕೊಳೆತರೆ ಮೇಲೆ ಸುಳಿದಾಡುತ್ತಲ್ಲ, ಎಳ್ಳುಕಾಳಿನಷ್ಟು ಪುಟ್ಟದು, ಅದೇ. ನಮಗೆ ಐಪಿ3 ರಿಸೆಪ್ಟರ್‌ಗೆ ಮೂರು ಜೀನ್ ಇವೆ. ನೊಣಕ್ಕೆ ಒಂದೇ. ಡೀಬಗ್ ಮಾಡೋರಿಗೆ ಇದರ ಸುಖ ಗೊತ್ತು: ಒಂದು ಮಾಡ್ಯೂಲ್ ಕೆಡಿಸಿದ್ರೆ ಇನ್ನೊಂದು ಬಂದು ಮುಚ್ಚಿಹಾಕಲ್ಲ. ನೊಣದ ಈ ಜೀನನ್ನು ಗುರುತಿಸಿದ ಕೆಲಸವನ್ನು ಹಸನ್ ಅವರು ಅಮೆರಿಕದ ಮೈಕೆಲ್ ರಾಸ್‌ಬಾಶ್ ಜೊತೆ 1992ರಲ್ಲಿ ಪ್ರಕಟಿಸಿದರು. ದೇಹದ ಗಡಿಯಾರದ ಸಂಶೋಧನೆಗೆ 2017ರಲ್ಲಿ ನೊಬೆಲ್ ಬಂತಲ್ಲ, ಅದರಲ್ಲಿ ಪಾಲು ಪಡೆದ ರಾಸ್‌ಬಾಶ್ ಇವರೇ.

2004ರಲ್ಲಿ ಬೆಂಗಳೂರಿನ ಈ ಗುಂಪು ಒಂದು ಫಲಿತಾಂಶ ಕೊಟ್ಟಿತು. ಈ ಜೀನ್ ಭಾಗಶಃ ಕೆಟ್ಟ ನೊಣಗಳು ಬದುಕುತ್ತವೆ, ಆದ್ರೆ ಹಾರಲ್ಲ. ಪರೀಕ್ಷೆ ಮಾಡುವ ರೀತಿ ಚೆನ್ನಾಗಿದೆ: ನೊಣವನ್ನು ಒಂದು ಸಣ್ಣ ತಂತಿಗೆ ಅಂಟಿಸಿ ಮೆಲ್ಲಗೆ ಗಾಳಿ ಊದುತ್ತಾರೆ. ಸಾಮಾನ್ಯ ನೊಣ ರೆಕ್ಕೆ ಬಡಿಯೋಕೆ ಶುರು ಮಾಡುತ್ತೆ. ಇವು ಮಾಡಲ್ಲ. ಹಾರಾಟದಲ್ಲಿ ಇರಬೇಕಾದ ನರಗಳ ಲಯವೇ ಅವುಗಳಲ್ಲಿ ಕಾಣಲಿಲ್ಲ. 2009ರಲ್ಲಿ ಇನ್ನೊಂದು ಹೆಜ್ಜೆ. ನಲ್ಲಿ ಕೆಟ್ಟಿರುವ ನೊಣಗಳಲ್ಲಿ ಸ್ಟಿಮ್ ಅಥವಾ ಒರಾಯ್ ಪ್ರೋಟೀನನ್ನು ಹೆಚ್ಚಿಗೆ ತಯಾರಾಗುವ ಹಾಗೆ ಮಾಡಿದಾಗ ಹಾರಾಟ ಒಂದಷ್ಟು ಮಟ್ಟಿಗೆ ಮರಳಿತು. ಟ್ಯಾಂಕಿನ ನಲ್ಲಿ ಸರಿಯಿಲ್ಲದಿದ್ದರೂ ಬೀದಿ ನೀರನ್ನು ಜಾಸ್ತಿ ಬಿಟ್ಟು ಸರಿದೂಗಿಸಿದ ಹಾಗೆ.

ನನ್ನ ಇವತ್ತಿನ ವಿಷಯಕ್ಕೆ ಹೆಚ್ಚು ಹತ್ತಿರ ಇರೋದು 2020ರ ಕೆಲಸ, ಅನಾಮಿಕಾ ಶರ್ಮಾ ಮತ್ತು ಹಸನ್ ಅವರದು. ನೊಣದ ಮಿದುಳಿನಲ್ಲಿ ಅಣಬೆ ಆಕಾರದ ಒಂದು ಭಾಗ ಇದೆ. ಅಲ್ಲಿಗೆ ತಂತು ಚಾಚಿರುವ ಕೆಲವೇ ಡೋಪಮೈನ್ ಕೋಶಗಳಲ್ಲಿ ಮಾತ್ರ ಐಪಿ3 ನಲ್ಲಿಯನ್ನು ಬಿಗಿ ಮಾಡಿದರು. ಏನಾಯ್ತು? ನೊಣಗಳು ಹಾರುತ್ತವೆ, ಆದ್ರೆ ಬೇಗ ನಿಲ್ಲಿಸುತ್ತವೆ. ಜೊತೆಗೆ ಆಹಾರ ಹುಡುಕೋದರಲ್ಲೂ ಆಸಕ್ತಿ ಇಲ್ಲ. ಆ ಕೋಶಗಳಿಗೆ ಪ್ರಚೋದನೆ ಕೊಟ್ಟಾಗ ಹೊರಬರುವ ಡೋಪಮೈನ್ ಕೂಡ ಕಡಿಮೆ ಆಗಿತ್ತು.

ಸ್ವಲ್ಪ ನಿಂತು ಯೋಚನೆ ಮಾಡಿ. ರೆಕ್ಕೆ ಇದೆ, ಸ್ನಾಯು ಇದೆ, ಹಾರುವ ಸರ್ಕ್ಯೂಟ್ ಇದೆ. ಇಲ್ಲದ್ದು ಏನು? "ಇನ್ನೂ ಹಾರಬೇಕು, ಹೋಗಿ ತಿನ್ನೋದಕ್ಕೆ ಹುಡುಕಬೇಕು" ಅನ್ನೋ ಸ್ಥಿತಿ. ನಾವು ಹುಮ್ಮಸ್ಸು ಅಂತೀವಲ್ಲ, ಅದರ ಒಂದು ಪಾಲು ಕೆಲವು ಕೋಶಗಳ ಟ್ಯಾಂಕಿನ ನಲ್ಲಿಯಲ್ಲಿದೆ. ಹಸಿವು, ಆಯಾಸ, ಎಚ್ಚರ ಇವೆಲ್ಲ ಮೇಲೆಲ್ಲೋ ತೇಲುವ ಭಾವ ಅಲ್ಲ. ಕೋಶದೊಳಗೆ ಅಳೆದು ನೋಡಬಹುದಾದ ಜಾಗ ಅವಕ್ಕೆ ಇದೆ.

ಮನುಷ್ಯರಲ್ಲೂ ಈ ನಲ್ಲಿ ಕೆಡಬಹುದು. ಮೂರು ಜೀನ್‌ಗಳಲ್ಲಿ ಮೊದಲನೆಯದು ಹಿಮ್ಮಿದುಳಿನ ಕೋಶಗಳಲ್ಲಿ ಹೇರಳ. ಅದರ ಒಂದು ಪ್ರತಿಯ ಭಾಗ ಅಳಿಸಿಹೋದ್ರೆ ನಡಿಗೆಯ ಸಮತೋಲ ನಿಧಾನವಾಗಿ ತಪ್ಪುವ ಒಂದು ಆನುವಂಶಿಕ ಕಾಯಿಲೆ ಬರುತ್ತೆ, ಸ್ಪೈನೋಸೆರೆಬೆಲ್ಲರ್ ಅಟಾಕ್ಸಿಯಾ 15 ಅಂತ. ನೊಣದ ರೆಕ್ಕೆಯ ಸಂಶೋಧನೆಯಿಂದ ನಮಗೇನು ಅನ್ನೋರಿಗೆ ಇದು ಉತ್ತರ.

ಕೋಶ ಹೊಳೆಯುವ ಹಾಗೆ ಮಾಡಿದ್ದು

ಇಷ್ಟು ಹೊತ್ತು ಹೇಳಿದ್ದು ನಲ್ಲಿ ಕೆಡಿಸಿ ನೋಡುವ ವಿಧಾನ. ಪ್ರಾಣಿ ಎಚ್ಚರವಾಗಿ ಓಡಾಡುವಾಗಲೇ ಕ್ಯಾಲ್ಸಿಯಂ ಏರೋದು ಇಳಿಯೋದನ್ನು ಕಣ್ಣಾರೆ ನೋಡಬಹುದಾ? ನೋಡಬಹುದು. ಅದಕ್ಕೆ ಒಂದು ಜೆಲ್ಲಿ ಮೀನಿಗೆ ನಾವು ಋಣಿ.

1962ರಲ್ಲಿ ಒಸಾಮು ಶಿಮೊಮುರಾ ಹೊಳೆಯುವ ಜೆಲ್ಲಿ ಮೀನಿನಿಂದ ಎರಡು ಪ್ರೋಟೀನ್ ಬಗ್ಗೆ ಬರೆದರು. ಒಂದು, ಕ್ಯಾಲ್ಸಿಯಂ ತಾಗಿದರೆ ಬೆಳಕು ಕೊಡುತ್ತೆ. ಇನ್ನೊಂದು, ಹಸಿರಾಗಿ ಹೊಳೆಯುತ್ತೆ. ಹಸಿರು ಪ್ರೋಟೀನಿನ ಕೆಲಸಕ್ಕೆ 2008ರ ರಸಾಯನಶಾಸ್ತ್ರದ ನೊಬೆಲ್ ಶಿಮೊಮುರಾ, ಮಾರ್ಟಿನ್ ಚಾಲ್ಫಿ, ರೋಜರ್ ಚಿಯೆನ್ ಮೂವರಿಗೆ ಸಂದಿತು. 2001ರಲ್ಲಿ ಜಪಾನಿನ ಜುನಿಚಿ ನಕಾಯಿ ತಂಡ ಹಸಿರು ಪ್ರೋಟೀನಿಗೆ ಕ್ಯಾಲ್ಸಿಯಂ ಹಿಡಿಯುವ ತುಂಡೊಂದನ್ನು ಜೋಡಿಸಿ ಜಿಕ್ಯಾಂಪ್ ಅನ್ನೋದನ್ನು ಮಾಡಿತು. ಕ್ಯಾಲ್ಸಿಯಂ ಸಿಕ್ಕಿದರೆ ಹೊಳಪು ಏರುತ್ತೆ, ಹೋದರೆ ಇಳಿಯುತ್ತೆ. ಇದರ ಜೀನನ್ನು ಬೇಕಾದ ಜಾತಿಯ ಕೋಶಕ್ಕೆ ಮಾತ್ರ ಹಾಕಬಹುದು. ಅಂದ್ರೆ ಆರಿಸಿದ ಕೋಶಗಳಿಗೆ ಮಾತ್ರ ಲಾಗಿಂಗ್ ಆನ್ ಮಾಡಿದ ಹಾಗೆ.

ಇನ್ನೊಂದು ತೊಂದರೆ ಇತ್ತು. ಮೈಕ್ರೋಸ್ಕೋಪ್ ಕೆಳಗೆ ಇಲಿ ಅಲುಗಾಡದೆ ಇರಬೇಕು, ಆದ್ರೆ ಓಡಲೂಬೇಕು. 2007ರಲ್ಲಿ ಪ್ರಿನ್ಸ್‌ಟನ್‌ನ ಡೇವಿಡ್ ಟ್ಯಾಂಕ್ ಗುಂಪು ಒಂದು ಉಪಾಯ ತೋರಿಸಿತು. ಇಲಿಯ ತಲೆ ಸ್ಥಿರ, ಕಾಲ ಕೆಳಗೆ ಗಾಳಿಯ ಮೇಲೆ ತೇಲುವ ಥರ್ಮೋಕೋಲ್ ಚೆಂಡು. ಇಲಿ ಓಡುತ್ತೆ, ಚೆಂಡು ಉರುಳುತ್ತೆ, ತಲೆ ಇದ್ದಲ್ಲೇ ಇರುತ್ತೆ. ಅಲ್ಲಿಂದ ಮುಂದೆ ನಿಂತಾಗ, ಓಡುವಾಗ, ನಿದ್ದೆ ಮಾಡುವಾಗ ಅದೇ ಕೋಶವನ್ನು ನೋಡುವ ದಾರಿ ತೆರೆದುಕೊಂಡಿತು.

ನಿಂತ ಇಲಿ, ಓಡುವ ಇಲಿ

ಕ್ಯಾಲ್ಸಿಯಂಗೆ ಬರುವ ಮುಂಚೆ ವಿದ್ಯುತ್ ತಂತಿ ಇಟ್ಟು ಮಾಡಿದ ಒಂದು ಪ್ರಯೋಗ ಹೇಳಲೇಬೇಕು. 2010ರಲ್ಲಿ ಕ್ರಿಸ್ ನೀಲ್ ಮತ್ತು ಮೈಕೆಲ್ ಸ್ಟ್ರೈಕರ್ ಇಲಿಗೆ ಪರದೆಯ ಮೇಲೆ ಪಟ್ಟೆಗಳನ್ನು ತೋರಿಸಿ, ಮಿದುಳಿನ ದೃಷ್ಟಿ ಭಾಗದ ನರಕೋಶಗಳನ್ನು ಅಳೆದರು. ಇಲಿ ನಿಂತಿದ್ದಾಗ ಒಂದು ಮಟ್ಟದ ಉತ್ತರ. ಓಡೋಕೆ ಶುರು ಮಾಡಿದ ಕೂಡಲೇ ಅದೇ ಪಟ್ಟೆಗೆ ಹೆಚ್ಚಿನ ಕೋಶಗಳ ಉತ್ತರ ಎರಡು ಪಟ್ಟಿಗಿಂತ ಜಾಸ್ತಿ. ಪಟ್ಟೆ ಅದೇ, ಕಣ್ಣು ಅದೇ. ಬದಲಾದದ್ದು ಕಾಲು.

ಆಲೆನ್ ಡೇಟಾದಲ್ಲೂ ಪ್ರತಿ ಕೋಶದ ಹೊಳಪಿನ ಜೊತೆ ಇಲಿಯ ಓಟದ ವೇಗವೂ ಇದೆ. ಎರಡನ್ನೂ ಒಂದರ ಕೆಳಗೊಂದು ಪ್ಲಾಟ್ ಮಾಡಿ ನೋಡಿದೆ. ಕೆಲವು ಕೋಶಗಳು ಓಟದ ಜೊತೆ ಏರುತ್ತವೆ, ಕೆಲವು ಇಳಿಯುತ್ತವೆ, ಕೆಲವಕ್ಕೆ ಏನೂ ಅನಿಸಲ್ಲ. ಓಟದ ವೇಗದ ಕಾಲಂ ತೆಗೆದುಹಾಕಿ ಪಟ್ಟೆ ಮತ್ತು ಉತ್ತರ ಎರಡನ್ನೇ ಇಟ್ಟುಕೊಂಡ್ರೆ ಈ ವ್ಯತ್ಯಾಸ ಪೂರ್ತಿ ನಾಯ್ಸ್ ಥರ ಕಾಣುತ್ತೆ. ಮಿದುಳಿನಲ್ಲಿ ಗದ್ದಲ ಅಂತ ಬದಿಗಿಟ್ಟದ್ದರಲ್ಲಿ ಒಂದು ಪಾಲು ಗದ್ದಲವೇ ಅಲ್ಲ, ನಾವು ಬರೆದಿಟ್ಟುಕೊಳ್ಳದ ಸ್ಥಿತಿ.

ಇನ್ನು ಎರಡನೇ ಪಾತ್ರ ಬರಲಿ. ಮಿದುಳಿನಲ್ಲಿ ನರಕೋಶ ಅಷ್ಟೇ ಅಲ್ಲ, ಆಸ್ಟ್ರೋಸೈಟ್ ಅನ್ನೋ ನಕ್ಷತ್ರದ ಆಕಾರದ ಕೋಶಗಳೂ ಇವೆ. ಬಹಳ ಕಾಲ ಅವನ್ನು ಹಿನ್ನೆಲೆಯ ಸಿಬ್ಬಂದಿ ಅಂತಲೇ ನೋಡಿದ್ದರು: ಕಸ ಗುಡಿಸೋದು, ಊಟ ಒದಗಿಸೋದು. ಕಾರಣ ಏನಂದ್ರೆ, ಅವು ನರಕೋಶದ ಹಾಗೆ ವಿದ್ಯುತ್ ಮಿಡಿತ ಕೊಡಲ್ಲ. ತಂತಿ ಇಟ್ಟು ಕೇಳಿದ್ರೆ ಮೌನ. 1990ರಲ್ಲಿ ತಟ್ಟೆಯಲ್ಲಿ ಬೆಳೆಸಿದ ಆಸ್ಟ್ರೋಸೈಟ್‌ಗಳಿಗೆ ಗ್ಲುಟಮೇಟ್ ಹಾಕಿ ನೋಡಿದಾಗ ಕ್ಯಾಲ್ಸಿಯಂ ಅಲೆಗಳು ಒಂದರಿಂದ ಒಂದಕ್ಕೆ ಹರಡೋದು ಕಂಡಿತು. ಅವುಗಳ ಮಾತು ವಿದ್ಯುತ್ತಿನಲ್ಲಿ ಇರಲಿಲ್ಲ, ಕ್ಯಾಲ್ಸಿಯಂನಲ್ಲಿತ್ತು. ಅದೂ ನಿಧಾನದ ಮಾತು. ನರಕೋಶದ ಮಿಡಿತ ಮಿಲಿಸೆಕೆಂಡಿನ ವ್ಯವಹಾರ, ಇವುಗಳದು ಸೆಕೆಂಡುಗಳ ಲೆಕ್ಕ.

ಈ ಕೋಶಗಳು ಪ್ರಾಣಿಯ ಸ್ಥಿತಿಗೆ ಎಷ್ಟು ಸೂಕ್ಷ್ಮ ಅಂತ 2014ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಡ್ವೈಟ್ ಬರ್ಗಲ್ಸ್ ಗುಂಪು ತೋರಿಸಿತು. ಇಲಿ ಓಡೋಕೆ ಶುರು ಮಾಡಿದಾಗ ಆಸ್ಟ್ರೋಸೈಟ್‌ಗಳಲ್ಲಿ ಕ್ಯಾಲ್ಸಿಯಂ ಒಟ್ಟಿಗೇ ಏರುತ್ತೆ. ಏರಿಸುವುದು ನಾರ್‌ಅಡ್ರಿನಲಿನ್. ಅದು ಬರೋದು ಮಿದುಳಿನ ಬುಡದಲ್ಲಿರುವ ಲೋಕಸ್ ಸೆರುಲಿಯಸ್ ಅನ್ನೋ ಪುಟ್ಟ ಗುಂಪಿನಿಂದ. ಇಲಿಯಲ್ಲಿ ಎರಡೂ ಬದಿ ಸೇರಿ ಸುಮಾರು 3,000 ಕೋಶ, ಅಷ್ಟೇ. ಅವುಗಳ ತಂತು ಮಾತ್ರ ಮಿದುಳಿನ ಬಹುಪಾಲಿಗೆ ತಲುಪುತ್ತೆ. ಊರಿಗೆಲ್ಲ ಒಂದೇ ಡಂಗುರ. ಇನ್ನೂ ಮುಖ್ಯವಾದ್ದು ಇದು: ಬರೀ ಬೆಳಕು ತೋರಿಸಿದಾಗ ಆಸ್ಟ್ರೋಸೈಟ್ ಅಷ್ಟಾಗಿ ಉತ್ತರ ಕೊಡಲ್ಲ, ಓಟದ ಜೊತೆ ಬೆಳಕು ಸೇರಿದಾಗ ಉತ್ತರ ಜೋರಾಗುತ್ತೆ. ಡಂಗುರ ಕೇಳಿದ ಮೇಲೆಯೇ ಪಕ್ಕದ ಮನೆಯವರ ಮಾತಿಗೆ ಕಿವಿಗೊಡೋದು.

ಅರಿವಳಿಕೆ ಕೊಟ್ಟಾಗ? 2012ರ ಒಂದು ಅಧ್ಯಯನದ ಪ್ರಕಾರ ಸಾಮಾನ್ಯ ಅರಿವಳಿಕೆ ಔಷಧಗಳು ಇಲಿಯ ಆಸ್ಟ್ರೋಸೈಟ್‌ಗಳ ಕ್ಯಾಲ್ಸಿಯಂನ್ನು ಕುಗ್ಗಿಸಿಬಿಡುತ್ತವೆ, ಅದೂ ನರಕೋಶಗಳ ಉತ್ತರ ಇನ್ನೂ ಉಳಿದಿರುವ ಪ್ರಮಾಣದಲ್ಲೇ. ಮಲಗಿಸಿಟ್ಟ ಪ್ರಾಣಿಯಲ್ಲಿ ಅಳೆದು ಎಚ್ಚರದ ಮಿದುಳಿನ ಬಗ್ಗೆ ಮಾತಾಡೋದು ಎಷ್ಟು ಅಪಾಯ ಅಂತ ಅಲ್ಲಿಗೆ ಸ್ಪಷ್ಟವಾಯ್ತು.

ನಿದ್ದೆ

ಈಗ ನನ್ನ ಮುಖ್ಯ ಮಾತಿಗೆ ಬಂದೆ. 2020ರಲ್ಲಿ ನಾರ್ವೆಯ ಓಸ್ಲೊ ವಿಶ್ವವಿದ್ಯಾಲಯದ ತಂಡ, ಔಷಧ ಇಲ್ಲದೆ ತಾನಾಗಿ ನಿದ್ದೆ ಹೋಗುವ ಇಲಿಗಳಲ್ಲಿ ಆಸ್ಟ್ರೋಸೈಟ್ ಕ್ಯಾಲ್ಸಿಯಂ ಅಳೆಯಿತು. ಮೂರು ವಿಷಯ ಸಿಕ್ಕವು.

ಮೊದಲನೆಯದು, ನಿದ್ದೆಯಲ್ಲಿ ಈ ಸಂಕೇತ ಎಚ್ಚರಕ್ಕಿಂತ ಕಡಿಮೆ. ಇದು ನಿರೀಕ್ಷೆ ಮಾಡಬಹುದಾದ್ದು, ಯಾಕಂದ್ರೆ ಡಂಗುರ ಬಾರಿಸುವ ಲೋಕಸ್ ಸೆರುಲಿಯಸ್ ನಿದ್ದೆಯಲ್ಲಿ ತಗ್ಗುತ್ತೆ.

ಎರಡನೆಯದು, ಗಾಢ ನಿದ್ದೆಯಿಂದ ಏಳುವ ಮುಂಚೆಯೇ ಕ್ಯಾಲ್ಸಿಯಂ ಏರೋಕೆ ಶುರುವಾಗುತ್ತೆ. ಎದ್ದ ಕ್ಷಣದಲ್ಲಿ ಅದು ತುದಿ ಮುಟ್ಟುತ್ತೆ. ಆ ತುದಿ ಇಲಿ ಓಡುವಾಗಿನ ಮಟ್ಟಕ್ಕಿಂತಲೂ ಎತ್ತರ. ಏಳೋದು ಅಂದ್ರೆ ಸ್ವಿಚ್ ಹಾಕಿದ ಹಾಗಲ್ಲ. ಅದಕ್ಕೊಂದು ಏರು ಇದೆ, ಶಿಖರ ಇದೆ, ಆಮೇಲೆ ಇಳಿದು ನೆಲೆಗೆ ನಿಲ್ಲೋದು ಇದೆ.

ಮೂರನೆಯದು ನನಗೆ ತುಂಬಾ ಮುಖ್ಯ ಅನಿಸಿದ್ದು. ಆಸ್ಟ್ರೋಸೈಟ್‌ಗಳಲ್ಲಿ ಮುಖ್ಯವಾಗಿರುವ ಎರಡನೇ ಐಪಿ3 ರಿಸೆಪ್ಟರ್ ಜೀನ್ ಇಲ್ಲದ ಇಲಿಗಳನ್ನು ನೋಡಿದರು. ಹೌದು, ಬಳ್ಳಾರಿ ರಸ್ತೆಯ ನೊಣಗಳಲ್ಲಿದ್ದ ನಲ್ಲಿಯ ಕುಟುಂಬವೇ. ಆ ಇಲಿಗಳ ಗಾಢ ನಿದ್ದೆ ಕೆಟ್ಟಿತ್ತು. ನಡುನಡುವೆ ಸಣ್ಣ ಸಣ್ಣ ಎಚ್ಚರಗಳು ಜಾಸ್ತಿ, ಮಿದುಳಿನ ಅಲೆಗಳ ಲಯವೂ ಬೇರೆ. ಅಂದ್ರೆ ನಿದ್ದೆಯಲ್ಲಿ ಈ ಸಂಕೇತ ಕಡಿಮೆ ಇರಬಹುದು, ಆದ್ರೆ ಬೇಡವಾದದ್ದಲ್ಲ. ಆ ಕಡಿಮೆ ಮಟ್ಟದ ಕೆಲಸವೇ ನಿದ್ದೆಯನ್ನು ಒಡೆಯದ ಹಾಗೆ ಹಿಡಿದಿಡೋದರಲ್ಲಿ ಪಾಲು ತಗೋತಿದೆ.

ಬೆಂಗಳೂರಲ್ಲಿ ಈ ನಲ್ಲಿ ಬಿಗಿಯಾದಾಗ ನೊಣ ಹೆಚ್ಚು ಹೊತ್ತು ಹಾರಲಿಲ್ಲ. ಓಸ್ಲೊದಲ್ಲಿ ಅದರ ಅಣ್ಣತಮ್ಮ ಇಲ್ಲವಾದಾಗ ಇಲಿ ಹೆಚ್ಚು ಹೊತ್ತು ಒಂದೇ ಸಮ ಮಲಗಲಿಲ್ಲ. ಒಂದು ಸ್ಥಿತಿಗೆ ಹೋಗೋದು ಎಷ್ಟು ಕೆಲಸವೋ, ಆ ಸ್ಥಿತಿಯಲ್ಲಿ ಉಳಿಯೋದೂ ಅಷ್ಟೇ ಕೆಲಸ. ನಿದ್ದೆ ಐಡಲ್ ಅಲ್ಲ ಅಂತ ನಾನು ಶುರುವಿನಲ್ಲಿ ಹೇಳಿದ್ದು ಇದಕ್ಕೇ.

ಎಲ್ಲಿ ನಿಧಾನಿಸಬೇಕು

ಈ ಚಿತ್ರಗಳನ್ನು ನೋಡಿದ್ರೆ ಮನಸ್ಸು ಕುಣಿಯುತ್ತೆ. ಕಪ್ಪು ಪರದೆಯ ಮೇಲೆ ಹಸಿರು ಕೋಶಗಳು ಮಿಣುಕುತ್ತವೆ, ದೀಪಾವಳಿ ಥರ. ಅದಕ್ಕೇ ಮೂರು ಎಚ್ಚರಿಕೆ ಹೇಳ್ತೀನಿ.

ಹೊಳಪು ಅಂದ್ರೆ ನರಕೋಶದ ಮಿಡಿತ ಅಲ್ಲ, ಅದರ ಹಿಂದೆ ಬರುವ ಕ್ಯಾಲ್ಸಿಯಂನ ನೆರಳು. ಮಿಡಿತ ಒಂದು ಮಿಲಿಸೆಕೆಂಡಿನಲ್ಲಿ ಮುಗಿದರೆ ಜಿಕ್ಯಾಂಪ್ ಹೊಳಪು ಆರೋಕೆ ನೂರಾರು ಮಿಲಿಸೆಕೆಂಡ್ ಬೇಕು. ನಮ್ಮ ಡ್ಯಾಶ್‌ಬೋರ್ಡಿನ ಗ್ರಾಫ್ ನೋಡಿ ಪ್ರತಿ ರಿಕ್ವೆಸ್ಟ್ ಲೆಕ್ಕ ಹಾಕೋಕೆ ಆಗಲ್ಲವಲ್ಲ, ಹಾಗೆ. ಎರಡನೆಯದು, ಜಿಕ್ಯಾಂಪ್ ತಾನೇ ಕ್ಯಾಲ್ಸಿಯಂ ಹಿಡಿಯುತ್ತೆ. ಜಾಸ್ತಿ ತುಂಬಿದ್ರೆ ಕೋಶದ ವ್ಯವಹಾರವನ್ನೇ ಬದಲಿಸಬಹುದು. ಲಾಗಿಂಗ್ ಜಾಸ್ತಿ ಮಾಡಿ ಸರ್ವರ್ ನಿಧಾನ ಆಗಿದ್ದು ನಾವು ಎಲ್ಲರೂ ನೋಡಿದ್ದೀವಿ. ಮೂರನೆಯದು, ಇವು ತಲೆ ಸ್ಥಿರವಾಗಿಟ್ಟ ಇಲಿಗಳು. ಇಲಿ ರಾತ್ರಿ ಎಚ್ಚರವಿದ್ದು ಹಗಲಲ್ಲಿ ತುಂಡು ತುಂಡಾಗಿ ಮಲಗುವ ಪ್ರಾಣಿ. ಅಲ್ಲಿಂದ ನಮ್ಮ ಹಾಸಿಗೆಗೆ ನೇರ ಜಿಗಿಯೋದು ಸರಿಯಲ್ಲ. "ಕ್ಯಾಲ್ಸಿಯಂ ಹ್ಯಾಕ್ ಮಾಡಿ, ನಾಲ್ಕು ಗಂಟೆ ಮಲಗಿ" ಅಂತ ಯಾರಾದ್ರೂ ರೀಲ್ಸ್‌ನಲ್ಲಿ ಹೇಳಿದ್ರೆ ಮುಂದಕ್ಕೆ ತಳ್ಳಿ.

ರಾತ್ರಿ ಎರಡು ಗಂಟೆಯ ಫೋನು

ಹಾಗಾದ್ರೆ ಇದರಿಂದ ನಮಗೆ ಏನು?

ಈ ರೂಮಿನಲ್ಲಿ ಅರ್ಧ ಜನ ಆನ್‌ಕಾಲ್ ಮಾಡ್ತೀರಿ. ರಾತ್ರಿ ಎರಡಕ್ಕೆ ಫೋನ್ ಬಡಿಯುತ್ತೆ, ಎರಡು ನಿಮಿಷದಲ್ಲಿ ಲ್ಯಾಪ್‌ಟಾಪ್ ಮುಂದೆ ಇರಬೇಕು. ನಮ್ಮ ರೋಸ್ಟರ್ ಏನು ಅಂದುಕೊಂಡಿದೆ ಅಂದ್ರೆ, ಎದ್ದ ಮನುಷ್ಯ ಮತ್ತು ಮಧ್ಯಾಹ್ನ ಹನ್ನೊಂದಕ್ಕೆ ಕಾಫಿ ಕುಡಿದು ಕೂತ ಮನುಷ್ಯ ಇಬ್ಬರೂ ಒಂದೇ. ಅಕೌಂಟ್ ಅದೇ, ಪರ್ಮಿಷನ್ ಅದೇ, ಹಾಗಾಗಿ ನಿರ್ಧಾರವೂ ಅದೇ. ಮನುಷ್ಯರಲ್ಲಿ ನಿದ್ದೆಯ ಜಡತ್ವ ಅನ್ನೋದನ್ನು ಬೇರೆಯಾಗಿಯೇ, ಚೆನ್ನಾಗಿಯೇ ಅಧ್ಯಯನ ಮಾಡಿದ್ದಾರೆ. ಗಾಢ ನಿದ್ದೆಯಿಂದ ಎಬ್ಬಿಸಿದಾಗ ಲೆಕ್ಕ, ನೆನಪು, ತೀರ್ಮಾನ ಎಲ್ಲ ಸ್ವಲ್ಪ ಹೊತ್ತು ಮಂಕಾಗಿರುತ್ತವೆ. ಅದರ ಬಹುಪಾಲು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕಳೆಯುತ್ತೆ. ಕಣ್ಣು ತೆರೆದಿದೆ ಅಂದ ಮಾತ್ರಕ್ಕೆ ಎಚ್ಚರದ ಸ್ಥಿತಿ ಪೂರ್ತಿ ಬಂದಿದೆ ಅಂತಲ್ಲ.

ನಮ್ಮ ಟೀಮಿನಲ್ಲಿ ನಾನು ಒಂದು ನಿಯಮ ಕೇಳಿದೆ. ನಿದ್ದೆಯಿಂದ ಎದ್ದ ಮೊದಲ ಅರ್ಧ ಗಂಟೆ, ಹಿಂದಕ್ಕೆ ತರೋಕೆ ಆಗದ ಕಮಾಂಡ್ ಯಾವುದನ್ನೂ ಒಬ್ಬರೇ ಓಡಿಸಬಾರದು. ಲಾಗ್ ನೋಡಿ, ಸರ್ವೀಸ್ ರೀಸ್ಟಾರ್ಟ್ ಮಾಡಿ, ಟಿಕೆಟ್‌ನಲ್ಲಿ ಬರೆಯಿರಿ. ಡಿಲೀಟ್, ಮೈಗ್ರೇಷನ್, ಫೇಲ್‌ಓವರ್‌ಗೆ ಎರಡನೇ ಕಣ್ಣು ಬೇಕು.

ನಮ್ಮ ಲೀಡ್ ಹುಬ್ಬಳ್ಳಿಯವರು. ನಕ್ಕು ಕೇಳಿದ್ರು, "ಏನಪಾ, ಇಲಿ ನಿದ್ದಿ ನೋಡಿ ನಮ್ಮ ರೋಸ್ಟರ್ ಮಾಡಾಂವಾ ನೀ?" ಅಂತ. ಆಮೇಲೆ ನಿಜವಾದ ತಕರಾರು ಎತ್ತಿದ್ರು. ಎರಡನೇ ಕಣ್ಣು ಬೇಕು ಅಂದ್ರೆ ಇನ್ನೊಬ್ಬರನ್ನೂ ಎಬ್ಬಿಸಬೇಕು. ಒಬ್ಬರ ನಿದ್ದೆ ಉಳಿಸೋಕೆ ಹೋಗಿ ಇಬ್ಬರದ್ದು ಕೆಡಿಸಿದ ಹಾಗಾಯ್ತಲ್ಲ? ಮಾತು ಸರಿ ಇತ್ತು. "ಇಲಿಯಿಂದ ನಾನು ಕಲಿತಿದ್ದು ಪ್ರಶ್ನೆ ಕೇಳೋದನ್ನ ಮಾತ್ರ ಸರ್, ಉತ್ತರ ನಾವೇ ಹುಡುಕಬೇಕು" ಅಂದೆ. ಕೊನೆಗೆ ಸಿಕ್ಕ ದಾರಿ ಇದು: ಎರಡನೇ ಕಣ್ಣು ಆ ಹೊತ್ತಲ್ಲಿ ಎಲ್ಲಿ ಹಗಲಿದೆಯೋ ಅಲ್ಲಿಯವರದ್ದು. ನಮ್ಮಲ್ಲಿ ರಾತ್ರಿ ಎರಡು ಅಂದ್ರೆ ಆನ್‌ಸೈಟ್‌ನಲ್ಲಿ ಮಧ್ಯಾಹ್ನ. ಅವರಿಗೆ ರಾತ್ರಿ ಆದಾಗ ನಾವು ಅವರಿಗೆ ಕಣ್ಣಾಗಬೇಕು. ಈಗ ಎರಡು ತಿಂಗಳು ನೋಡೋಣ ಅಂತ ಒಪ್ಪಿದ್ದಾರೆ. ಕೆಲಸ ನಿಧಾನವಾಗುತ್ತೆ ಅನ್ನೋ ಅಸಮಾಧಾನ ಟೀಮಿನಲ್ಲಿ ಇನ್ನೂ ಇದೆ, ಆ ಚರ್ಚೆ ಮುಗಿದಿಲ್ಲ.

ಊರು ಬಿಟ್ಟು ಬಂದ ನಮಗೆ ಇನ್ನೊಂದು ಮಾತೂ ಇದೆ. ಹಗಲು ಕೆಲಸ, ರಾತ್ರಿ ಕಾಲ್, ವಾರಾಂತ್ಯಕ್ಕೆ ಊರಿನ ಬಸ್ಸೋ ರೈಲೋ. ಇದರಲ್ಲಿ ಮೊದಲು ಕತ್ತರಿ ಬೀಳೋದು ನಿದ್ದೆಗೆ, ಯಾಕಂದ್ರೆ ಅದು ಏನೂ ಮಾಡದ ಹೊತ್ತು ಅಂತ ನಮ್ಮ ಲೆಕ್ಕ. ಆ ಹೊತ್ತಲ್ಲೂ ಕೋಶದೊಳಗೆ ಟ್ಯಾಂಕು ತುಂಬೋದು, ನಲ್ಲಿ ತೆರೆಯೋದು, ಮುಚ್ಚೋದು ನಡೀತಾನೇ ಇರುತ್ತೆ, ಬೇರೆಯೇ ಒಂದು ಪದ್ಧತಿಯಲ್ಲಿ. ಇಲಿಯಲ್ಲಿ ಆ ಪದ್ಧತಿಯ ಒಂದು ನಲ್ಲಿ ಇಲ್ಲವಾದ್ರೂ ನಿದ್ದೆ ಚೂರಾಗುತ್ತೆ. ನಾವು ಆ ಹೊತ್ತನ್ನೇ ದಿನಾ ಕತ್ತರಿಸ್ತಾ ಇದ್ದೀವಿ.

ಈ ಡೇಟಾ ನೀವೂ ನೋಡಬೇಕು ಅಂದ್ರೆ ಹೇಳಿ, ಮುಂದಿನ ಭಾನುವಾರ ಲ್ಯಾಪ್‌ಟಾಪ್ ತನ್ನಿ, ಒಟ್ಟಿಗೆ ಕೂತು ಇಳಿಸಿಕೊಳ್ಳೋಣ. ಹತ್ತು ಗಂಟೆಗೆ ಶುರು ಮಾಡೋಣ, ನಿದ್ದೆ ಮುಗಿಸಿಕೊಂಡೇ ಬನ್ನಿ.